ಕಳಚಿದ ಕೊಂಡಿ ಹುಡುಕುವ ಸುಖ

ಬರೆದ ಕೋಡ್‌ನಲ್ಲಿ ಒಂದಕ್ಷರವೂ ತಪ್ಪಿಲ್ಲ. ಬಿಲ್ಡ್ ಆಗಿದೆ, ಫೋನಿಗೆ ಇನ್‌ಸ್ಟಾಲ್ ಆಗಿದೆ, ಐಕಾನ್ ಬಂದು ಕೂತಿದೆ. ಮುಟ್ಟಿದರೆ ಮಾತ್ರ ಪರದೆ ಒಮ್ಮೆ ಬೆಳ್ಳಗಾಗಿ ಆ್ಯಪ್ ಮುಚ್ಚಿಹೋಗುತ್ತದೆ. ಮೊಬೈಲ್ ಆ್ಯಪ್ ಮಾಡುವ ಬಹಳಷ್ಟು ಜನರಿಗೆ ಇದು ತಲೆನೋವಿನ ಗಳಿಗೆ. ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದೇ. ಇಂಥದ್ದೊಂದು ಎದುರಾದ ದಿನ ಊಟ ತಡವಾದರೂ ಬೇಸರವಿಲ್ಲ.

ಲೆಕ್ಕ ತಪ್ಪಿದರೆ, ಗುಂಡಿ ಒತ್ತಿದಾಗ ಆಗಬಾರದ್ದು ಆದರೆ, ಅದು ಕೋಡ್ ಬರೆದವರ ತಲೆಯೊಳಗಿನ ವಿಷಯ. ಲಿಂಕಿಂಗ್ ತೊಂದರೆಯ ಜಾತಿಯೇ ಬೇರೆ. ಒಬ್ಬರನ್ನೊಬ್ಬರು ಕಂಡೂ ಅರಿಯದ ಇಬ್ಬರು ಬೇರೆಬೇರೆ ದೇಶಗಳಲ್ಲಿ ಕೂತು ಬರೆದ ಎರಡು ಲೈಬ್ರರಿಗಳು ಒಂದು ಆ್ಯಪಿನಲ್ಲಿ ಸೇರುವ ಜಾಗ ಅದು. ಇಬ್ಬರ ಕೆಲಸವೂ ಸರಿಯಾಗಿಯೇ ಇರುತ್ತದೆ. ಕೂಡಿಸುವ ಸಂದಿನಲ್ಲಿ ಏನೋ ಒಂದು ತಪ್ಪಿರುತ್ತದೆ. ಆ ತಪ್ಪಿನ ಗುರುತು ಫೈಲಿನಲ್ಲೇ ಬರೆದಿರುತ್ತದೆ. ಊಹೆ ಮಾಡಬೇಕಿಲ್ಲ, ಓದಬೇಕು ಅಷ್ಟೆ.

ನಮ್ಮ ಕಡೆ ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಮೊದಲು ಆಗುವ ಮಾತು, ಪಾತ್ರೆ ನಿಮ್ಮದೋ ನಮ್ಮದೋ ಎಂಬುದು. ಕೊಳಗ, ಕಡಾಯಿ, ಸೌಟು ಸಮೇತ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬರುವವರು ಒಂದು ಬಗೆ. ಪಟ್ಟಿ ಕೊಡ್ತೀವಿ, ನೀವು ಒದಗಿಸಿ ಎನ್ನುವವರು ಇನ್ನೊಂದು ಬಗೆ. ಸ್ಟ್ಯಾಟಿಕ್ ಲಿಂಕಿಂಗ್ ಮೊದಲನೆಯ ಬಗೆಯದು, ಬೇಕಾದ್ದನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಡೈನಾಮಿಕ್ ಲಿಂಕಿಂಗ್ ಎರಡನೆಯದು, ತನಗೆ ಬೇಕಾದ ಲೈಬ್ರರಿಗಳ ಹೆಸರಿನ ಪಟ್ಟಿಯೊಂದಿಗೆ ಬರುತ್ತದೆ. ಆ್ಯಪ್ ತೆರೆದ ಗಳಿಗೆಯಲ್ಲಿ ಫೋನಿನೊಳಗಿನ ಲಿಂಕರ್ ಆ ಪಟ್ಟಿ ಹಿಡಿದು ಒಂದೊಂದನ್ನೇ ಹುಡುಕುತ್ತದೆ. ಒಂದು ಪಾತ್ರೆ ಸಿಗದಿದ್ದರೂ ಒಲೆ ಹೊತ್ತುವುದಿಲ್ಲ. ಎರಡು ತಂಡದವರು ಒಂದೇ ಹೆಸರಿನ ಕೊಳಗ ತಂದರೆ ಇಡಲು ಜಾಗ ಒಂದೇ ಇರುತ್ತದೆ. ನಾನು ಕಂಡ ಪ್ಯಾಕೇಜಿಂಗ್ ತಕರಾರುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು.

ನಾನಿರುವುದು ಶಿಕಾರಿಪುರದಲ್ಲಿ. ಹಗಲಿಡೀ ಬೆಂಗಳೂರಿನವರ ಕೆಲಸ, ಸಂಜೆಯ ನಂತರ ನನ್ನದೇ ಒಂದು ಆ್ಯಪ್. ಶಿಕಾರಿಪುರ, ಸೊರಬ ಎರಡು ತಾಲ್ಲೂಕುಗಳ ಶಾಸನಗಳನ್ನು ನೆಟ್‌ವರ್ಕ್ ಇಲ್ಲದ ಕಡೆಯೂ ಓದುವಂತೆ, ಹುಡುಕುವಂತೆ ಮಾಡುವ ಆಸೆ. ತಾಳಗುಂದದ ಪ್ರಣವೇಶ್ವರನ ಮುಂದಿನ ಕಂಬ, ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ, ಹೆಸರಿಲ್ಲದ ಹೊಲದ ಬದುವಿನ ವೀರಗಲ್ಲುಗಳು: ಇಷ್ಟು ಹತ್ತಿರದಲ್ಲಿ ಇಷ್ಟೊಂದು ಬರಹ ಇರುವ ನೆಲ ಕಡಿಮೆ. ಬಿ.ಎಲ್. ರೈಸ್ ಇವನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರ ತಾಲ್ಲೂಕಿನವು 1902ರ 7ನೇ ಸಂಪುಟದಲ್ಲಿ, ಸೊರಬದವು 1904ರ 8ನೇ ಸಂಪುಟದಲ್ಲಿ ಇವೆ. ಆ ದಪ್ಪ ಪುಸ್ತಕಗಳನ್ನು ಹೊತ್ತು ಹೊಲಕ್ಕೆ ಹೋಗಲಾಗುವುದಿಲ್ಲ. ಫೋನ್ ಎಲ್ಲರ ಜೇಬಿನಲ್ಲೂ ಇದೆ.

ಪಠ್ಯ ಸೇರಿಸುವುದು ಬೇಸರವಿಲ್ಲದ ದುಡಿಮೆ. ಹುಡುಕಾಟಕ್ಕೆ ಬಂದಾಗ ನಿಜವಾದ ಆಟ ಶುರುವಾಯಿತು. ಆಂಡ್ರಾಯ್ಡ್‌ನಲ್ಲಿ ಮಾಹಿತಿ ಇಡಲು ಎಲ್ಲರೂ ಬಳಸುವುದು ಎಸ್‌ಕ್ಯೂಲೈಟ್, ರಿಚರ್ಡ್ ಹಿಪ್ 2000ದಲ್ಲಿ ಹೊರತಂದು ಲೋಕಕ್ಕೆ ಬಿಟ್ಟುಕೊಟ್ಟ ಡೇಟಾಬೇಸ್. ಪಠ್ಯ ಹುಡುಕುವ ವ್ಯವಸ್ಥೆ ಅದರಲ್ಲೇ ಇದೆ. ಆದರೆ ಅದರ ಯೂನಿಕೋಡ್ ಟೋಕನೈಸರ್ ಪದಗಳನ್ನು ಬಿಡಿಸುವಾಗ ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ನಮ್ಮ ಗುಣಿತದ ಚಿಹ್ನೆಗಳು, ಒತ್ತಕ್ಷರ ಕೂಡಿಸುವ ವಿರಾಮ ಯೂನಿಕೋಡಿನಲ್ಲಿ ಬೇರೆ ವರ್ಗದವು. ಅವು ಅದರ ಕಣ್ಣಿಗೆ ಖಾಲಿ ಜಾಗ. ಹಾಗಾಗಿ ‘ಬಳ್ಳಿಗಾವಿ’ ಎಂಬ ಹೆಸರು ‘ಬಳ’, ‘ಳ’, ‘ಗ’, ‘ವ’ ಎಂದು ನಾಲ್ಕು ತುಂಡಾಗುತ್ತದೆ. ‘ಕಲಿ’ ಎಂದು ಕೇಳಿದರೆ ‘ಕಲೆ’ಯೂ ಬರುತ್ತದೆ, ‘ಕಲ್ಲು’ ಕೂಡ ಬರುತ್ತದೆ. ವೀರಗಲ್ಲುಗಳ ನಾಡಿನಲ್ಲಿ ಕಲಿಯನ್ನು ಹುಡುಕುವವನಿಗೆ ಊರಿನ ಕಲ್ಲೆಲ್ಲ ಎದುರಿಗೆ ಬಂದು ಬೀಳುತ್ತದೆ.

ಪರಿಹಾರ ಇದೆ. ಎಫ್‌ಟಿಎಸ್5 ಎಂಬ ಹೊಸ ಹುಡುಕಾಟದ ಭಾಗದಲ್ಲಿ ಯಾವ ವರ್ಗದ ಚಿಹ್ನೆಗಳನ್ನು ಪದಕ್ಕೆ ಸೇರಿಸಿಕೊಳ್ಳಬೇಕೆಂದು ನಾವೇ ಹೇಳಬಹುದು. ಶಾಸನಕ್ಕೆ ಅದೂ ಸಾಲದು. ಶಕಟರೇಫದ ಱ, ರಳದ ೞ, ‘ಬನ್ದ’, ‘ಬಂದ’ ಎರಡು ಬಗೆಯ ಬರವಣಿಗೆ, ಇವೆಲ್ಲ ಇಂದಿನ ಓದುಗ ಕೀಲಿಮಣೆಯಲ್ಲಿ ಒತ್ತುವ ರೂಪಕ್ಕೆ ಹೊಂದಿಕೊಳ್ಳಬೇಕು. ಅದಕ್ಕೆ ಸಿ ಭಾಷೆಯಲ್ಲಿ ಸ್ವಂತ ಟೋಕನೈಸರ್ ಬೇಕು. ಫೋನಿನೊಳಗಿನ ಎಸ್‌ಕ್ಯೂಲೈಟ್ ಯಾವ ಆವೃತ್ತಿಯದು ಎಂಬುದು ಆಂಡ್ರಾಯ್ಡ್ ಆವೃತ್ತಿಯ ಮೇಲೆ ನಿಂತಿರುವುದರಿಂದ ಎಫ್‌ಟಿಎಸ್5 ಅಲ್ಲಿ ಇದ್ದೇ ಇರುತ್ತದೆಂದು ನೆಚ್ಚುವಂತಿಲ್ಲ. ಒಂದು ಕಾಲದಲ್ಲಿ ಜನ ಫೋನಿನ ಒಳಗಿನ ಎಸ್‌ಕ್ಯೂಲೈಟ್, ಯೂನಿಕೋಡ್ ನಿಭಾಯಿಸುವ ಐಸಿಯು ಲೈಬ್ರರಿಗಳಿಗೆ ನೇರವಾಗಿ ಕೊಂಡಿ ಹಾಕಿಕೊಳ್ಳುತ್ತಿದ್ದರು. 2016ರ ಆಂಡ್ರಾಯ್ಡ್ 7 ಆ ಬಾಗಿಲು ಮುಚ್ಚಿತು. ಒಳಗಿನ ಲೈಬ್ರರಿ ಯಾವಾಗ ಬೇಕಾದರೂ ಬದಲಾಗಬಹುದು, ಹೊರಗಿನವರು ಅದಕ್ಕೆ ಜೋತುಬೀಳಬಾರದು ಎಂಬುದು ಸರಿಯಾದ ತೀರ್ಮಾನವೇ. ಆದ್ದರಿಂದ ಎಸ್‌ಕ್ಯೂಲೈಟನ್ನು ನಾನೇ ಕಟ್ಟಿ, ಟೋಕನೈಸರನ್ನು ಅದರೊಳಗೇ ಸೇರಿಸಿ, ಆ್ಯಪಿನ ಜೊತೆ ಕಳುಹಿಸುತ್ತೇನೆ. ಕಲ್ಲಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಲು ಬೇರೆಯವರು ಕಟ್ಟಿದ ಒಂದು ಸಿದ್ಧ ಲೈಬ್ರರಿ ಜೊತೆಗಿದೆ.

ಆನವಟ್ಟಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಈ ಆ್ಯಪಿನ ಮೊದಲ ಓದುಗರಲ್ಲಿ ಒಬ್ಬರು. ಒಂದು ಬೆಳಿಗ್ಗೆ ಅವರ ಫೋನ್ ಬಂತು.

“ತಮ್ಮಾ, ಹೊಸದು ಹಾಕ್ಕಂಡ್ ಮೇಲೆ ನಿನ್ ಆ್ಯಪ್ ಮುಟ್ಟಿದ್ ಕೂಡ್ಲೇ ಮುಚ್ಕಂಡ್ ಹೋಗ್ತೈತಿ. ನನ್ ಫೋನಿಂದ ತಪ್ಪೋ, ನಿಂದೋ?”

“ಎಲ್ಲೋ ನಡುವೆ ಐತಿ ಮೇಷ್ಟ್ರೇ. ಭಾನುವಾರ ನಾನೇ ಬರ್ತೀನಿ.”

ಶಿರಾಳಕೊಪ್ಪದ ಮೇಲೆ ಹಾದು ಹೋದೆ. ಜಗಲಿಯಲ್ಲಿ ಕೂತು ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಯ್ಕೆ ತೆರೆದು, ಕೇಬಲ್ ಹಾಕಿ, ಫೋನಿನ ಲಾಗ್ ತೋರಿಸುವ ಲಾಗ್‌ಕ್ಯಾಟ್ ಓಡಿಸಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನನಗಿಂತ ಹತ್ತಿರದಿಂದ ಲ್ಯಾಪ್‌ಟಾಪ್ ನೋಡುತ್ತಿದ್ದರು. ಆ್ಯಪ್ ಮುಟ್ಟಿದೊಡನೆ ಸಾಲುಗಳು ಸರಸರ ಇಳಿದವು. ಅವುಗಳ ನಡುವೆ ಒಂದು: ಡಿಎಲ್‌ಓಪನ್ ಫೇಲ್ಡ್, ‘ಲಿಬ್‌ಸಿ++_ಶೇರ್ಡ್’ ಎಂಬ ಲೈಬ್ರರಿ ಸಿಗಲಿಲ್ಲ. ಯಾರಿಗೆ ಬೇಕಿತ್ತು ಎಂಬುದೂ ಅದೇ ಸಾಲಿನ ಕೊನೆಯಲ್ಲಿ ಇತ್ತು. ಬೇಕಿದ್ದದ್ದು ಆ ಚಿತ್ರದ ಲೈಬ್ರರಿಗೆ. ಇಷ್ಟು ಪ್ರಾಮಾಣಿಕವಾಗಿ ತನ್ನ ಸಾವಿನ ಕಾರಣ ಹೇಳಿ ಸಾಯುವ ಯಂತ್ರವನ್ನು ಮೆಚ್ಚದೆ ಇರುವುದು ಹೇಗೆ?

ಈಗ ಪೊಟ್ಟಣ ಬಿಚ್ಚಬೇಕು. ಎಪಿಕೆ ಎಂದರೆ ಒಂದು ಜಿಪ್ ಫೈಲ್. ಅದರೊಳಗೆ ‘ಲಿಬ್’ ಎಂಬ ಫೋಲ್ಡರ್, ಅದರೊಳಗೆ ಒಂದೊಂದು ಬಗೆಯ ಪ್ರೊಸೆಸರಿಗೆ ಒಂದೊಂದು ಫೋಲ್ಡರ್. 64 ಬಿಟ್ ಫೋನುಗಳದ್ದು ಒಂದು, ಹಳೆಯ 32 ಬಿಟ್ ಫೋನುಗಳದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ಮೂರು ಫೈಲು, ಇನ್ನೊಂದರಲ್ಲಿ ಎರಡು. ಆ ಸಿದ್ಧ ಲೈಬ್ರರಿಯ ಹೊಸ ಆವೃತ್ತಿ ಕಟ್ಟಿದವರು ಸಿ++ ಲೈಬ್ರರಿಯನ್ನು 64 ಬಿಟ್ ಫೋಲ್ಡರಿಗೆ ಹಾಕಿದ್ದರು, 32 ಬಿಟ್ ಫೋಲ್ಡರಿಗೆ ಹಾಕಿರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಆಂಡ್ರಾಯ್ಡ್ ತನ್ನ ಪ್ರೊಸೆಸರಿಗೆ ಹೊಂದುವ ಒಂದು ಫೋಲ್ಡರನ್ನು ಆರಿಸಿಕೊಳ್ಳುತ್ತದೆ. ಅದರೊಳಗೆ ಎಲ್ಲ ಇದೆಯೇ ಎಂದು ಎಣಿಸುವುದಿಲ್ಲ, ಇಲ್ಲದ್ದನ್ನು ಪಕ್ಕದ ಫೋಲ್ಡರಿನಿಂದ ತರುವುದೂ ಇಲ್ಲ. ಅದಕ್ಕೇ ಮೇಷ್ಟ್ರ ಹಳೆಯ ಫೋನಿನಲ್ಲಿ ಆ್ಯಪ್ ಇನ್‌ಸ್ಟಾಲ್ ಆಗಿತ್ತು, ತೆರೆಯಲು ಮಾತ್ರ ಆಗುತ್ತಿರಲಿಲ್ಲ.

ಖಾತ್ರಿಗೆ ರೀಡ್‌ಎಲ್ಫ್ ಎಂಬ ಸಲಕರಣೆಯಿಂದ ಆ ಲೈಬ್ರರಿಯ ಬೇಕುಗಳ ಪಟ್ಟಿ ತೆಗೆದು ನೋಡಿದೆ. ಲಾಗ್, ಗಣಿತ, ಮೂಲ ಸಿ ಲೈಬ್ರರಿ, ಇವೆಲ್ಲ ಫೋನಿನಲ್ಲೇ ಸಿಗುವಂಥವು. ಕೊನೆಯ ಒಂದೇ ಒಂದು ಹೆಸರು ಆ್ಯಪಿನ ಜೊತೆಗೇ ಬರಬೇಕಾದದ್ದು. ಈ ಪಟ್ಟಿ ಓದುವುದರಲ್ಲಿ ನನಗೆ ಸಿಗುವ ತೃಪ್ತಿಯನ್ನು ಎಷ್ಟು ಹೇಳಿದರೂ ಕಡಿಮೆ. ತಿಂಗಳುಗಟ್ಟಲೆ ಯಾರೋ ದುಡಿದ ಫೈಲು, ಬೈನರಿಯಾಗಿ ಮುಚ್ಚಿಕೊಂಡ ಮೇಲೂ, ತನಗೆ ಏನು ಬೇಕು, ತಾನು ಏನು ಕೊಡಬಲ್ಲೆ ಎಂಬುದನ್ನು ಕೇಳಿದವರಿಗೆಲ್ಲ ಹೇಳುತ್ತದೆ.

ಇಲ್ಲದ್ದನ್ನು ಇಟ್ಟರೆ ಮುಗಿಯಿತು ಎನ್ನುವಂತಿಲ್ಲ. ಸಿ, ಸಿ++ ಕೋಡ್ ಕಟ್ಟುವ ಸಲಕರಣೆಯಾದ ಎನ್‌ಡಿಕೆಯ ಯಾವ ಆವೃತ್ತಿಯಿಂದ ಚಿತ್ರದ ಲೈಬ್ರರಿ ಕಟ್ಟಿದ್ದಾರೋ ಅದಕ್ಕೆ ಹೊಂದುವ ಸಿ++ ಲೈಬ್ರರಿಯನ್ನೇ ತರಬೇಕು. ತಂದಿಟ್ಟ ಕೂಡಲೇ, ಬಿಲ್ಡ್ ಮಾಡುವ ಗ್ರೇಡಲ್ ಇನ್ನೊಂದು ತಕರಾರು ತೆಗೆಯುತ್ತದೆ: 64 ಬಿಟ್ ಫೋಲ್ಡರಿಗೆ ಒಂದೇ ಹೆಸರಿನ ಎರಡು ಫೈಲು ಬರುತ್ತಿವೆ, ಯಾವುದನ್ನು ಇಡಲಿ? ಮೊದಲು ಸಿಕ್ಕಿದ್ದನ್ನು ಇಡು ಎಂದು ಒಂದು ಸಾಲು ಬರೆದರೆ ಕೆಂಪು ಮಾಯವಾಗುತ್ತದೆ. ಹೆಚ್ಚಿನವರು ಅಲ್ಲಿಗೆ ನಿಲ್ಲುತ್ತಾರೆ. ಆ ಸಾಲನ್ನು ಬರೆಯುವ ಮೊದಲು ಎರಡೂ ಫೈಲು ಯಾವ ಆವೃತ್ತಿಯವು, ಹಳೆಯದು ಉಳಿದುಬಿಟ್ಟರೆ ಹೊಸದನ್ನು ನಂಬಿದ ಲೈಬ್ರರಿಗೆ ಬೇಕಾದ ಸಿಂಬಲ್ ಸಿಗುತ್ತದೆಯೇ ಎಂದು ನೋಡಲೇಬೇಕು ಎಂಬುದು ನನ್ನ ಹಟ. ನೋಡದಿದ್ದರೆ ಬಿಲ್ಡ್ ಹೊತ್ತಿನ ತೊಂದರೆ ಓದುಗರ ಕೈಯಲ್ಲಿ ಸಿಡಿಯುವ ತೊಂದರೆಯಾಗುತ್ತದೆ.

ಇತ್ತೀಚೆಗೆ ನನ್ನನ್ನು ಬಹಳ ಕಾಲ ಹಿಡಿದಿಟ್ಟದ್ದು 16 ಕೆಬಿ ಪುಟದ ಪ್ರಶ್ನೆ. ಫೋನಿನ ಮೆಮೊರಿ ಪುಟಗಳಾಗಿ ಹಂಚಿಕೆಯಾಗುತ್ತದೆ. ಆಂಡ್ರಾಯ್ಡ್ ಮೊದಲಿನಿಂದ 4 ಕೆಬಿ ಪುಟಗಳನ್ನೇ ನಂಬಿತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಫೋನುಗಳಿಗೂ ದಾರಿಯಾಯಿತು. ಆಂಡ್ರಾಯ್ಡ್ 15 ಅಥವಾ ನಂತರದ್ದನ್ನು ಗುರಿಯಾಗಿಟ್ಟ ಹೊಸ ಆ್ಯಪ್, ಹೊಸ ಅಪ್‌ಡೇಟ್ ಎಲ್ಲವೂ 64 ಬಿಟ್‌ನಲ್ಲಿ ಅದಕ್ಕೆ ಸಜ್ಜಾಗಿರಬೇಕು ಎಂದು ಗೂಗಲ್ ಪ್ಲೇ 2025ರ ನವೆಂಬರ್ 1ರ ಗಡುವು ಹಾಕಿತು. ಇದರಲ್ಲಿ ಸ್ವಾರಸ್ಯ ಏನೆಂದರೆ ಹೊಂದಿಕೆ ಎರಡು ಕಡೆ ಆಗಬೇಕು. ಲೈಬ್ರರಿಯ ಒಳಗಿನ ಭಾಗಗಳು 4096ರ ಬದಲು 16384 ಬೈಟಿನ ಗಡಿಗೆ ಹೊಂದಿರಬೇಕು. ಇದು ಲೈಬ್ರರಿ ಕಟ್ಟುವಾಗಲೇ ಆಗುವ ಕೆಲಸ. ಎನ್‌ಡಿಕೆ ಆರ್28 ಇದನ್ನು ತಾನಾಗಿ ಮಾಡುತ್ತದೆ, ಹಿಂದಿನವುಗಳಲ್ಲಿ ಲಿಂಕರಿಗೆ ನಾವು ಹೇಳಬೇಕು. ಎರಡನೆಯದಾಗಿ, ಕುಗ್ಗಿಸದೆ ಇಟ್ಟ ಲೈಬ್ರರಿ ಜಿಪ್ಪಿನೊಳಗೆ ಶುರುವಾಗುವ ಜಾಗವೂ ಅದೇ ಗಡಿಯ ಮೇಲೆ ಇರಬೇಕು. ಇದು ಪೊಟ್ಟಣ ಕಟ್ಟುವಾಗಿನ ಕೆಲಸ. ಒಂದು ಸರಿಯಿದ್ದು ಇನ್ನೊಂದು ತಪ್ಪಿದರೆ ತಲೆ ಕೆರೆದುಕೊಳ್ಳುತ್ತ ಕೂರಬೇಕು. ಎರಡನ್ನೂ ಬೇರೆಬೇರೆಯಾಗಿ ಅಳೆದು ನೋಡಿ, ಕೊನೆಯ ಕಾಲಂನಲ್ಲಿ ಎಲ್ಲ ಸಾಲೂ 16384 ಎಂದಾಗ ಎದ್ದು ಹೋಗಿ ಹುಚ್ಚರಾಯನ ಕೆರೆ ಏರಿಯ ಮೇಲೆ ಅಡ್ಡಾಡಿ ಬಂದೆ.

ಬೇರೆಯವೂ ಇವೆ. ಆರ್8 ಎಂಬುದು ಬಿಡುಗಡೆಯ ಹೊತ್ತಿಗೆ ಯಾರೂ ಕರೆಯದ ಫಂಕ್ಷನ್‌ಗಳನ್ನು ಕಿತ್ತುಹಾಕಿ ಆ್ಯಪನ್ನು ಹಗುರ ಮಾಡುತ್ತದೆ. ಸಿ ಕಡೆಯಿಂದ ಮಾತ್ರ ಕರೆಸಿಕೊಳ್ಳುವ ಜಾವಾ ಫಂಕ್ಷನ್ ಅದಕ್ಕೆ ಅನಾಥವಾಗಿ ಕಾಣುತ್ತದೆ. ಡೀಬಗ್‌ನಲ್ಲಿ ಓಡುವುದು ಬಿಡುಗಡೆಯಲ್ಲಿ ಬಿದ್ದರೆ ಮೊದಲ ಗುಮಾನಿ ಅದರ ಮೇಲೆಯೇ. ಐಫೋನಿನ ಕಡೆ ‘ಅನ್‌ಡಿಫೈನ್ಡ್ ಸಿಂಬಲ್ಸ್’ ಎಂದರೆ ಕಟ್ಟುವಾಗ ಸಿಗಲಿಲ್ಲ, ‘ಲೈಬ್ರರಿ ನಾಟ್ ಲೋಡೆಡ್’ ಎಂದರೆ ಓಡುವಾಗ ಸಿಗಲಿಲ್ಲ. ಎರಡನೆಯದಕ್ಕೆ ಎಷ್ಟೋ ಸಲ ಫ್ರೇಮ್‌ವರ್ಕನ್ನು ಆ್ಯಪಿನ ಒಳಗೆ ಎಂಬೆಡ್ ಮಾಡಿದರೆ ಸಾಕು.

ಇಂಥ ಕೆಲಸಕ್ಕೆ ನಮ್ಮೂರು ಒಳ್ಳೆಯ ಜಾಗ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹಿಂದೆಯೇ ಹೋಗುತ್ತದೆ. ಗ್ರೇಡಲ್ ದೂರದಿಂದ ಎಳೆದು ತರಬೇಕಾದ ಲೈಬ್ರರಿಗಳು ಬಾರದೆ ನಿಲ್ಲುತ್ತವೆ. ಆಗ ಆಫ್‌ಲೈನ್ ಮೋಡ್ ಹಾಕಿ, ಕೈಯಲ್ಲಿರುವ ಫೈಲನ್ನೇ ಬಿಚ್ಚಿ ಓದಬೇಕು. ಹುಡುಕಿ ಅಂಟಿಸುವ ಸುಲಭದ ಉತ್ತರ ಸಿಗದ ಆ ಹೊತ್ತಿನಲ್ಲೇ ಈ ಕಸುಬು ನನಗೆ ಕೈಗೂಡಿದ್ದು.

ಮೇಷ್ಟ್ರ ಫೋನಿನಲ್ಲಿ ಆ್ಯಪ್ ಈಗ ತೆರೆಯುತ್ತದೆ. ಅವರು ‘ಕಲಿ’ ಹುಡುಕಿದರು, ಕಲಿಯೇ ಬಂದ.

ನೀವು ಆ್ಯಪ್ ಕಟ್ಟುವವರಾಗಿದ್ದರೆ ಒಂದು ಕೋರಿಕೆ. ಪ್ಲೇ ಸ್ಟೋರ್ 2019ರ ಆಗಸ್ಟ್‌ನಿಂದ 64 ಬಿಟ್ ಇರಲೇಬೇಕು ಎಂದಿದೆ, 32 ಬಿಟ್ ಇರಬಾರದು ಎಂದಿಲ್ಲ. ಸೊರಬದ ಸಂತೆಗೆ ಬರುವವರ ಜೇಬಿನಲ್ಲಿ ಹಳೆಯ ಫೋನುಗಳು ಇನ್ನೂ ಇವೆ. ಬಿಡುಗಡೆಗೆ ಮುನ್ನ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಪಿಕೆ ಬಿಚ್ಚಿ, ಎರಡೂ ಫೋಲ್ಡರುಗಳ ಹೆಸರುಗಳನ್ನು ಹೋಲಿಸಿ ನೋಡಿ, ಒಂದು ಹಳೆಯ ಫೋನಿನಲ್ಲಿ ಓಡಿಸಿ. ಅಂಥ ಫೋನ್ ನಿಮ್ಮಲ್ಲಿ ಇಲ್ಲದಿದ್ದರೆ ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ.