ಬಾಲ್ಟಿಕ್ ತೀರದಲ್ಲಿ ಐದು ದಿನ

ಲಿಥುವೇನಿಯಾ ಎಂಬ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ನೀವು ಸ್ವಲ್ಪ ತಡವರಿಸುವಿರಲ್ಲವೇ? ನಾಚಿಕೆಪಡಬೇಕಾಗಿಲ್ಲ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವ ನಾನೂ, ತಂಗಿಯ ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿದ ದಿನ ಅಟ್ಲಾಸ್ ಬಿಡಿಸಿ ಹುಡುಕಿದವಳೇ. ಪೋಲೆಂಡಿನ ಈಶಾನ್ಯಕ್ಕೆ, ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿರುವ ಪುಟ್ಟ ದೇಶ ಅದು. ವಿಸ್ತೀರ್ಣ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಜನಸಂಖ್ಯೆ ಮೂವತ್ತು ಲಕ್ಷಕ್ಕಿಂತಲೂ ಕಡಿಮೆ.

ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ಪತಿ ರಾಜಧಾನಿ ವಿಲ್ನಿಯಸ್‌ನಲ್ಲಿರುವ ತಂಗಿಯ ಮನೆಗೆ ಹೋದೆವು. ಹೊರಡುವಾಗ ಉಮ್ಮ ಒಂದೇ ಮಾತು ಹೇಳಿದ್ದರು: "ಆ ಮಗು ಫೋನಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಯಾಕೆಂದು ನೋಡಿಕೊಂಡು ಬಾ." ಅಲ್ಲಿಗೆ ತಲುಪಿದ ಮೊದಲ ಸಂಜೆಯೇ ಕಾರಣ ತಿಳಿಯಿತು. ತಂಗಿಯ ಏಳು ವರ್ಷದ ಮಗಳು ಇಂಗ್ಲಿಷ್ ಬಲ್ಲಳು, ಲಿಥುವೇನಿಯನ್ ಬಲ್ಲಳು. ಆದರೆ ನಮ್ಮ ಮನೆಮಾತಾದ ಬ್ಯಾರಿ ಅವಳಿಗೆ ಬಾರದು. "ಇಲ್ಲಿ ಬ್ಯಾರಿಯಿಂದ ಏನು ಪ್ರಯೋಜನ ಅಕ್ಕಾ?" ಎಂದಳು ತಂಗಿ. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಐವರೂ ಕಾರು ಹತ್ತಿದೆವು. ಆ ಐದು ದಿನಗಳ ದಾರಿಯಲ್ಲಿ ನೀವೂ ನನ್ನ ಜೊತೆ ಬನ್ನಿ.

ಹೊರಡುವ ಮೊದಲು ಸ್ವಲ್ಪ ಇತಿಹಾಸ ತಿಳಿದುಕೊಳ್ಳೋಣ. ಎಂಟುನೂರು ವರ್ಷಗಳ ಹಿಂದೆ ಈ ಸಮುದ್ರದ ಬದಿಯಲ್ಲಿ ಪ್ರಶಿಯನ್, ಯೊತ್ವಿಂಗಿಯನ್, ಕುರೋನಿಯನ್, ಸೆಮಿಗಾಲಿಯನ್, ಸೆಲೋನಿಯನ್, ಲಟ್ಗಾಲಿಯನ್, ಸಮೋಗಿಟಿಯನ್, ಲಿಥುವೇನಿಯನ್ ಮುಂತಾದ ಬುಡಕಟ್ಟುಗಳಿದ್ದವು. ಇವರನ್ನು ಒಟ್ಟಾಗಿ ಬಾಲ್ಟರು ಎನ್ನುತ್ತಾರೆ. ಕಾಡು, ಬೆಂಕಿ, ಗುಡುಗು ಇವರ ಆರಾಧನೆಯ ಕೇಂದ್ರಗಳಾಗಿದ್ದವು. 13ನೇ ಶತಮಾನದಲ್ಲಿ ಜರ್ಮನ್ ಕ್ರುಸೇಡ್ ಯೋಧರು ಕತ್ತಿ ಹಿಡಿದು ಇವರ ಮೇಲೆರಗಿದರು. ಇಂದು ಬದುಕಿ ಉಳಿದಿರುವ ಬಾಲ್ಟಿಕ್ ಭಾಷೆಗಳು ಎರಡೇ: ಲಿಥುವೇನಿಯನ್ ಮತ್ತು ಲಾಟ್ವಿಯನ್.

ಮೊದಲ ನಿಲುಗಡೆ ಕೆರ್ನಾವೆ. ವಿಲ್ನಿಯಸ್‌ನಿಂದ ಮುಕ್ಕಾಲು ಗಂಟೆಯ ದಾರಿ. 13ನೇ ಶತಮಾನದಲ್ಲಿ ಇದು ಲಿಥುವೇನಿಯನ್ನರ ಪ್ರಮುಖ ಪಟ್ಟಣವಾಗಿತ್ತು. ಕೋಟೆ, ಗೋಪುರಗಳನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾದೀತು. ಅಲ್ಲಿರುವುದು ನೇರಿಸ್ ನದಿಯ ಬದಿಯಲ್ಲಿ ಹಸಿರು ಹುಲ್ಲು ಹೊದ್ದ ಐದು ದಿಬ್ಬಗಳು ಮಾತ್ರ. ಅವುಗಳ ಮೇಲಿದ್ದ ಕೋಟೆಗಳೆಲ್ಲ ಮರದವು. 1390ರಲ್ಲಿ ಜರ್ಮನ್ ಯೋಧರ ದಾಳಿಯ ಸಮಯದಲ್ಲಿ ಪಟ್ಟಣ ಸುಟ್ಟುಹೋಯಿತು. ಜನ ಮತ್ತೆ ಕೆಳಗಿನ ಕಣಿವೆಗೆ ಮರಳಲಿಲ್ಲ. ನದಿಯ ಹೂಳು ನಿಧಾನವಾಗಿ ಮನೆ, ಬೀದಿಗಳನ್ನು ಮುಚ್ಚಿತು. ಆ ಹೂಳೇ ಅವುಗಳನ್ನು ಕಾಪಾಡಿತು ಕೂಡ. 2004ರಲ್ಲಿ ಯುನೆಸ್ಕೋ ಈ ಸ್ಥಳವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಮೆಟ್ಟಿಲು ಹತ್ತಿ ದಿಬ್ಬದ ತುದಿಯಲ್ಲಿ ನಿಂತಾಗ ಗಾಳಿ ಮತ್ತು ಹಕ್ಕಿಗಳ ದನಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಕೆಳಗೆ ರಸ್ತೆ ಬದಿಯಲ್ಲಿ ಒಬ್ಬ ವೃದ್ಧೆ ಜೇನು ಮಾರುತ್ತಿದ್ದರು. ಬಾಟಲಿ ತೋರಿಸಿ "ಮೆದುಸ್" ಎಂದರು. ನನಗೆ ಥಟ್ಟನೆ "ಮಧು" ನೆನಪಾಯಿತು. ತಂಗಿಯ ಮಗಳನ್ನು ದುಭಾಷಿ ಮಾಡಿಕೊಂಡು ಕೇಳುತ್ತಾ ಹೋದೆ. ಹಲ್ಲಿಗೆ ಏನೆನ್ನುತ್ತಾರೆ? "ದಾಂತಿಸ್." ನಮ್ಮ ದಂತ! ಹೊಗೆಗೆ? "ದೂಮಾಯ್." ನಮ್ಮ ಧೂಮ. ದಿನಕ್ಕೆ "ದಿಯೆನಾ". ಬೆಂಕಿಗೆ "ಉಗ್ನಿಸ್", ಅದೇ ಅಗ್ನಿ. ಇದು ಆಕಸ್ಮಿಕವಲ್ಲ. ಸಂಸ್ಕೃತ ಮತ್ತು ಬಾಲ್ಟಿಕ್ ಭಾಷೆಗಳು ಒಂದೇ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ಹಳೆಯ ರೂಪಗಳನ್ನು ಬಹುವಾಗಿ ಉಳಿಸಿಕೊಂಡ ಭಾಷೆಯೆಂದು ವಿದ್ವಾಂಸರು ಲಿಥುವೇನಿಯನ್ನನ್ನು ಗುರುತಿಸುತ್ತಾರೆ. ಕನ್ನಡ ಬೇರೆ ಕುಟುಂಬದ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ದೂರದ ನೆಂಟಸ್ತಿಕೆ ನಮಗೂ ತಲುಪಿದೆ. ಅಜ್ಜಿ ನಕ್ಕು ಮಗುವಿನ ಕೈಗೆ ಒಂದು ಚಮಚ ಜೇನು ಸುರಿದರು.

ಎರಡನೇ ದಿನ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. ದೇಶದ ಮೂರನೇ ಒಂದು ಭಾಗ ಕಾಡು. ಪೈನ್, ಬರ್ಚ್ ಮರಗಳ ನಡುವೆ ರಸ್ತೆ ಹಗ್ಗ ಎಳೆದಂತೆ ನೇರ. ಕಂಬಗಳ ತುದಿಯಲ್ಲಿ ಬಿಳಿ ಕೊಕ್ಕರೆಗಳ ದೊಡ್ಡ ದೊಡ್ಡ ಗೂಡುಗಳು. ಆಫ್ರಿಕಾದಲ್ಲಿ ಚಳಿಗಾಲ ಕಳೆದು ಇಲ್ಲಿಗೆ ಮರಿ ಮಾಡಲು ಬರುವ ಈ ಹಕ್ಕಿ ಇಲ್ಲಿನ ರಾಷ್ಟ್ರ ಪಕ್ಷಿ. ಗೂಡು ಎಣಿಸುವ ಆಟದಲ್ಲಿ ಮಗು ನಲವತ್ತೊಂದರವರೆಗೆ ಎಣಿಸಿ ನಿದ್ದೆ ಹೋಯಿತು.

ಸಂಜೆ ಪಲಂಗಾ ತಲುಪಿದೆವು. ಇಲ್ಲಿ 1963ರಲ್ಲಿ ಪ್ರಾರಂಭವಾದ ಅಂಬರ್ ವಸ್ತುಸಂಗ್ರಹಾಲಯವಿದೆ. ಅಂಬರ್ ಎಂದರೆ ಕಲ್ಲಲ್ಲ, ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದಿನ ಮರಗಳ ಅಂಟು. ಅಂದು ಅಂಟಿನಲ್ಲಿ ಸಿಕ್ಕಿಬಿದ್ದ ನೊಣ, ಇರುವೆಗಳು ಇಂದಿಗೂ ಅದರೊಳಗೆ ಹಾಗೆಯೇ ಇವೆ. ಬಾಲ್ಟಿಕ್ ದಡದ ಜನ ಇದನ್ನು ಆರಿಸುತ್ತಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದಿದ್ದಾನೆ. ಇದರ ಇನ್ನೊಂದು ಹೆಸರು ನಿಮಗೆ ಪರಿಚಿತವಿರಬಹುದು. ತಸ್ಬೀಹ್ ಮಣಿಗಳನ್ನು ಮಾಡುವ "ಕಹರುಬಾ" ಇದೇ. ಪಾರ್ಸಿಯಲ್ಲಿ ಹುಲ್ಲು ಸೆಳೆಯುವಂಥದ್ದು ಎಂದರ್ಥ. ಬಟ್ಟೆಗೆ ಉಜ್ಜಿದರೆ ಹುಲ್ಲಿನ ಚೂರುಗಳನ್ನು ಎಳೆದುಕೊಳ್ಳುತ್ತದೆ. ಗಲ್ಫ್‌ನಲ್ಲಿರುವ ನಿಮ್ಮವರು ಕರೆಂಟ್ ಬಿಲ್ಲಿಗೆ "ಕಹ್ರಬಾ" ಎನ್ನುವುದನ್ನು ಕೇಳಿದ್ದೀರಲ್ಲವೇ? ಅರಬಿಯ ಆ ಪದ ಹುಟ್ಟಿದ್ದು ಈ ಹಳದಿ ಅಂಟಿನ ಹೆಸರಿನಿಂದಲೇ.

ಮೂರನೇ ದಿನ ಕ್ಲೈಪೆದಾ ಬಂದರಿನಿಂದ ಕಾರು ಸಮೇತ ದೋಣಿ ಹತ್ತಿ ಕುರೋನಿಯನ್ ಮರಳ ದಿಣ್ಣೆಗೆ ಹೋದೆವು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹಿನ್ನೀರು, ನಡುವೆ 98 ಕಿಲೋಮೀಟರ್ ಉದ್ದದ ತೆಳ್ಳಗಿನ ಮರಳಿನ ಪಟ್ಟಿ. ಸುಮಾರು ಅರ್ಧ ಲಿಥುವೇನಿಯಾದ್ದು, ಉಳಿದರ್ಧ ರಷ್ಯಾದ್ದು. ಒಂದು ಕಾಲಕ್ಕೆ ಇದು ದಟ್ಟ ಕಾಡಾಗಿತ್ತು. ಮನುಷ್ಯ ಮರ ಕಡಿದ. ಬೇರಿನ ಹಿಡಿತ ತಪ್ಪಿದ ಮರಳು ಗಾಳಿಗೆ ನಡೆಯತೊಡಗಿತು. 18, 19ನೇ ಶತಮಾನಗಳಲ್ಲಿ ಊರಿಗೆ ಊರೇ ಮರಳಿನಡಿ ಹೂತುಹೋಯಿತು. ಆಮೇಲೆ ತಲೆಮಾರುಗಳ ಕಾಲ ಜನ ಹುಲ್ಲು, ಪೈನ್ ನೆಟ್ಟು ಮರಳನ್ನು ನಿಲ್ಲಿಸಿದರು. ಇಂದು ನಾವು ನೆರಳಿನಲ್ಲಿ ಸಾಗುವ ಕಾಡು ಬಹುಪಾಲು ಅವರ ಕೈಯಿಂದ ಬೆಳೆದದ್ದು.

ಹಾಗೆ ಹೂತುಹೋದ ಕಾರ್ವಾಯ್ಚೈ ಎಂಬ ಹಳ್ಳಿಯಲ್ಲಿ 1776ರಲ್ಲಿ ಲಿಯುದ್ವಿಕಾಸ್ ರೆಜಾ ಹುಟ್ಟಿದರು. ಬಾಲ್ಯದಲ್ಲೇ ಅನಾಥ. ಮುಂದೆ ವಿದ್ವಾಂಸರಾಗಿ ಲಿಥುವೇನಿಯನ್ ಜನಪದ ಹಾಡುಗಳನ್ನು ಸಂಗ್ರಹಿಸಿ 1825ರಲ್ಲಿ ಪ್ರಕಟಿಸಿದರು. ಹುಟ್ಟಿದ ಊರು ಮರಳಿನ ಪಾಲಾಯಿತು, ಹೆಂಗಸರ ಬಾಯಲ್ಲಿದ್ದ ಹಾಡುಗಳು ಉಳಿದವು.

ನಿದಾ ಎಂಬ ಹಳ್ಳಿಯ ಹಳೆಯ ಸ್ಮಶಾನದಲ್ಲಿ ಮರದ ಗುರುತು ಹಲಗೆಗಳಿವೆ. ಅವುಗಳನ್ನು ತಲೆಯ ಬಳಿಯಲ್ಲ, ಕಾಲಿನ ಬಳಿ ನೆಡುತ್ತಿದ್ದರು. ಗಂಡಸರಿಗೆ ಓಕ್‌ನಂಥ ಗಟ್ಟಿ ಮರ; ಹೆಂಗಸರಿಗೆ ಲಿಂಡನ್, ಆಸ್ಪೆನ್‌ನಂಥ ಮೆತ್ತನೆಯ ಮರ, ಅದರ ಮೇಲೆ ಹೂವು, ಹಕ್ಕಿಯ ಕೆತ್ತನೆ. ಇಲ್ಲಿನ ಮೀನುಗಾರರು ತಮ್ಮದೇ ಕುರೋನಿಯನ್ ಮಾತಾಡುತ್ತಿದ್ದರು. ಎರಡನೇ ಮಹಾಯುದ್ಧದ ಕೊನೆಗೆ ಅವರೆಲ್ಲ ಚದುರಿಹೋದರು. ಆ ಮಾತೂ ಹೆಚ್ಚುಕಡಿಮೆ ಮರೆಯಾಗಿದೆ.

ಅಂದು ಸಂಜೆ ಪಾರ್ನಿದಿಸ್ ಎಂಬ ಮರಳ ಗುಡ್ಡ ಹತ್ತಿದೆವು. ಇಲ್ಲಿ ಜೂನ್‌ನಲ್ಲಿ ಮಗ್ರಿಬ್ ಆಗುವುದು ರಾತ್ರಿ ಹತ್ತು ಗಂಟೆಗೆ! ದಕ್ಷಿಣಕ್ಕೆ ಕಾಣುವ ಮರಳೆಲ್ಲ ರಷ್ಯಾದ ಕಲಿನಿನ್‌ಗ್ರಾಡ್ ಪ್ರಾಂತ್ಯ. ಅದೇ ಪ್ರಾಚೀನ ಪ್ರಶಿಯನ್ನರ ನಾಡು. ಸೋದರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಪ್ರಶಿಯನ್ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1545ರಲ್ಲಿ. ಲಿಥುವೇನಿಯನ್‌ನಲ್ಲಿ 1547ರಲ್ಲಿ. ಎರಡೂ ಮುದ್ರಣವಾದದ್ದು ಒಂದೇ ನಗರದಲ್ಲಿ, ಅಂದಿನ ಕೋನಿಗ್ಸ್‌ಬರ್ಗ್‌ನಲ್ಲಿ. ಪುಸ್ತಕ ಮೊದಲು ಪಡೆದ ಪ್ರಶಿಯನ್ ಭಾಷೆ 18ನೇ ಶತಮಾನದ ಆರಂಭಕ್ಕೆ ಅಳಿದುಹೋಯಿತು. ಗೆದ್ದವರು ಅವರ ಹೆಸರನ್ನೂ ತಮ್ಮದಾಗಿಸಿಕೊಂಡರು. ಇಂದು "ಪ್ರಶಿಯಾ" ಎಂದರೆ ನಮಗೆ ಜರ್ಮನ್ ದೊರೆಗಳ ನೆನಪಾಗುತ್ತದೆಯೇ ಹೊರತು ಆ ಬುಡಕಟ್ಟಿನದ್ದಲ್ಲ. ಯುದ್ಧ, ಪ್ಲೇಗ್, ಜೀತ ಎಲ್ಲವೂ ಕಾರಣ. ಆದರೆ ಕೊನೆಯಲ್ಲಿ ಆದದ್ದು ಇಷ್ಟೇ: ತಾಯಂದಿರು ಮಕ್ಕಳೊಂದಿಗೆ ಆ ಭಾಷೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದರು.

ಮರಳಿ ಬರುವ ದಾರಿಯಲ್ಲಿ ಕೌನಸ್ ನಗರದಲ್ಲಿ ಇದಕ್ಕೆ ವಿರುದ್ಧವಾದ ಕಥೆ ಸಿಕ್ಕಿತು. 1864ರಿಂದ 1904ರವರೆಗೆ ರಷ್ಯಾದ ಝಾರ್ ಆಡಳಿತ ಲ್ಯಾಟಿನ್ ಲಿಪಿಯ ಲಿಥುವೇನಿಯನ್ ಪುಸ್ತಕಗಳನ್ನು ನಿಷೇಧಿಸಿತ್ತು. ಜನ ಪಕ್ಕದ ಪ್ರಶಿಯಾದಲ್ಲಿ ಮುದ್ರಿಸಿ, ಮೂಟೆ ಹೊತ್ತು ರಾತ್ರಿ ಗಡಿ ದಾಟಿಸುತ್ತಿದ್ದರು. ಸಿಕ್ಕಿಬಿದ್ದವರಿಗೆ ಸೆರೆಮನೆ, ಸೈಬೀರಿಯಾ. ಅಲ್ಲಿನ ಯುದ್ಧ ವಸ್ತುಸಂಗ್ರಹಾಲಯದ ತೋಟದಲ್ಲಿ ಪುಸ್ತಕ ಹೊತ್ತವನ ಪ್ರತಿಮೆಯಿದೆ. ಆದರೆ ಹೊತ್ತು ತಂದ ಪುಸ್ತಕವನ್ನು ಓದಲು ಕಲಿಸಿದವರು ಯಾರು? 1906ರಲ್ಲಿ ಶಿಲ್ಪಿ ಪೆತ್ರಾಸ್ ರಿಮ್ಶಾ ಅದಕ್ಕೂ ರೂಪ ಕೊಟ್ಟರು: ನೂಲುವ ರಾಟೆಯ ಮುಂದೆ ಕುಳಿತ ತಾಯಿ, ಪಕ್ಕದಲ್ಲಿ ಪುಸ್ತಕ ಹಿಡಿದ ಮಗು. ಹೆಸರು "ಲಿಥುವೇನಿಯಾದ ಶಾಲೆ". ಕೈ ನೂಲುತ್ತದೆ, ಬಾಯಿ ಪಾಠ ಹೇಳುತ್ತದೆ. ನಾನೊಬ್ಬ ಶಿಕ್ಷಕಿ, ಅದರ ಚಿತ್ರವನ್ನು ನೋಡಿ ನನ್ನ ಕರಿಹಲಗೆ ಸಣ್ಣದಾದಂತೆ ತೋರಿತು. ತಂಗಿಯೂ ಏನೂ ಮಾತಾಡಲಿಲ್ಲ.

ಐದನೇ ದಿನ ವಿಲ್ನಿಯಸ್ ಸಮೀಪದ "ನಲವತ್ತು ತಾತಾರರು" ಎಂಬ ವಿಚಿತ್ರ ಹೆಸರಿನ ಹಳ್ಳಿಗೆ ಹೋದೆವು. 14ನೇ ಶತಮಾನದ ಕೊನೆಗೆ ದೊರೆ ವೈತೌತಾಸ್ ತಾತಾರ್ ಮುಸ್ಲಿಮರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ. 1410ರ ಯುದ್ಧದಲ್ಲಿ ಅವರು ಆತನ ಜೊತೆ ಜರ್ಮನ್ ಯೋಧರ ವಿರುದ್ಧ ಹೋರಾಡಿದರು. 1815ರ ಮರದ ಮಸೀದಿ ದೂರದಿಂದ ಒಂದು ಹಳ್ಳಿಮನೆಯಂತೆಯೇ ಕಾಣುತ್ತದೆ. ಪಕ್ಕದಲ್ಲಿ ಹಳೆಯ ಕಬರಸ್ತಾನ. ಆರು ಶತಮಾನ ಕಳೆದರೂ ಅವರು ಧರ್ಮ ಉಳಿಸಿಕೊಂಡಿದ್ದಾರೆ. ಆದರೆ ತಾತಾರ್ ಭಾಷೆಯನ್ನು ಮರೆತು ಶತಮಾನಗಳೇ ಕಳೆದವು. ಅವರ ಹಳೆಯ ಧಾರ್ಮಿಕ ಕೈಬರಹಗಳಲ್ಲಿ ಭಾಷೆ ಬೆಲರೂಸಿಯನ್, ಪೋಲಿಷ್. ಲಿಪಿ ಮಾತ್ರ ಅರಬಿ. ಮದ್ರಸದಲ್ಲಿ ಅರಬಿ-ಮಲಯಾಳಂ ಓದಿ ಬೆಳೆದ ನನಗೆ ಇದು ಅಪರಿಚಿತವೆನಿಸಲಿಲ್ಲ.

ಅಂದು ರಾತ್ರಿ ತಂಗಿ ಉಮ್ಮನಿಗೆ ಫೋನ್ ಮಾಡಿದಳು. ಮಗು ಕಾರಿನಲ್ಲಿ ಕಲಿತ ಮೂರು ಬ್ಯಾರಿ ವಾಕ್ಯಗಳನ್ನು ಒಂದೇ ಉಸಿರಿಗೆ ಹೇಳಿತು. ಕೊಕ್ಕರೆ ನೋಡಿದೆ, ಜೇನು ತಿಂದೆ, ನೀವು ಯಾವಾಗ ಬರುತ್ತೀರಿ. ಎರಡು ಕಡೆ ತಪ್ಪಿತ್ತು. ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಉಮ್ಮ ಎರಡೂ ತಪ್ಪನ್ನು ತಿದ್ದಿ, ಮತ್ತೊಮ್ಮೆ ಹೇಳಿಸಿದರು.

ನಿಮ್ಮ ಮನೆಯ ಮಾತು ಬ್ಯಾರಿಯೋ, ನವಾಯತಿಯೋ, ದಖ್ಖನಿಯೋ ನಾನರಿಯೆ. ಲಿಥುವೇನಿಯಾಕ್ಕೆ ಹೋಗುವ ಅವಕಾಶ ಸಿಕ್ಕಿದರೆ ಖಂಡಿತ ಹೋಗಿ. ಸಿಗದಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗುವಿಗೆ ಅನ್ನ ಬೇಕೇ ಎಂದು ನಿಮ್ಮ ತಾಯಿ ಕೇಳುತ್ತಿದ್ದ ಮಾತಿನಲ್ಲೇ ಕೇಳಿ.