ಜೋಡಿ ಚಿಕ್ಕಿಗಳ ಸಂಸಾರ

ರಾಯಚೂರಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಅಗಲವಾದ ಲಕೋಟೆಯೊಂದನ್ನು ಎದೆಗವಚಿಕೊಂಡು ಇಳಿಯುವ ಹಳ್ಳಿಯವರು ಕಣ್ಣಿಗೆ ಬೀಳುತ್ತಾರೆ. ಅದರೊಳಗಿರುವುದು ಎಕ್ಸ್‌ರೇ. ಈ ಸೀಮೆಯ ಜನಕ್ಕೆ ಎಕ್ಸ್‌ರೇ ಎಂದರೆ ಮುರಿದ ಕೈ, ಬಿಡದ ಕೆಮ್ಮು, ಡಾಕ್ಟರರ ಮುಖ ನೋಡುತ್ತಾ ಕೂರುವ ಸಂಕಟ. ಆಕಾಶದ ಚಿಕ್ಕಿಗಳೂ ಎಕ್ಸ್‌ರೇ ಚೆಲ್ಲುತ್ತವೆ ಎಂಬುದು ಆ ಹೊತ್ತಿನಲ್ಲಿ ಯಾರಿಗೆ ಹೊಳೆದೀತು?

ಮಾನ್ವಿಯ ಒಬ್ಬ ಮಾಸ್ತರರಿಗೆ ಹೊಳೆಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಹೆಂಡತಿಗೆ ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. 2025ರ ಫೆಬ್ರುವರಿಯ ಒಂದು ಬೆಳಿಗ್ಗೆ ಇಬ್ಬರೂ ರಾಯಚೂರಿಗೆ ಬಂದು, ಎದೆಯ ಎಕ್ಸ್‌ರೇ ತೆಗೆಸಿ, ಡಾಕ್ಟರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಮಾಸ್ತರರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆ ಮೇಲ್ಭಾಗದಲ್ಲಿ ಬಿಳಿ ಮಸುಕು. ಕಿರಣ ಹಾದುಹೋದಲ್ಲಿ ಫಿಲ್ಮು ಕಪ್ಪಾಗುತ್ತದೆ, ತಡೆದಲ್ಲಿ ಬೆಳ್ಳಗೆ ಉಳಿಯುತ್ತದೆ ಎಂದು ಎಷ್ಟೋ ಮಕ್ಕಳಿಗೆ ಹೇಳಿದ್ದವರು. ಅಂದು ಅವರ ಗಂಟಲೇ ಕಟ್ಟಿತು.

ಅವರು ಮಾತು ಬೇರೆ ಕಡೆ ತಿರುಗಿಸಿದರು. ಜನವರಿಯಲ್ಲಿ ಬೀದರ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ದೊಡ್ಡ ಬಲೂನೊಂದು ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹಾರಿಸಿದ್ದು. ಅಂಥ ಬಲೂನುಗಳನ್ನು ಕಟ್ಟಿಕೊಂಡೇ 1960ರ ದಶಕದ ಕೊನೆಯಲ್ಲಿ ಆ ಸಂಸ್ಥೆಯವರು ಆಕಾಶದ ಎಕ್ಸ್‌ರೇ ಹುಡುಕಲು ಹೊರಟರು. ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು.

‘ಆಕಾಶದ ಎಕ್ಸ್‌ರೇ ನೋಡಾಕ ಬಲೂನ್ ಯಾಕ್ರೀ?’ ಎಂದು ಆಕೆ ಕೇಳಿದರು.

‘ನಮ್ಮ ಗಾಳಿ ಅದನ್ನ ಕೆಳಗ ಬಿಡೂದಿಲ್ಲ. ಮೂವತ್ತು, ನಲವತ್ತು ಕಿಲೋಮೀಟರ್ ಮ್ಯಾಲ ಹೋಗಬೇಕು. ಇಲ್ಲಾ, ಗಾಳಿ ದಾಟಿ ಉಪಗ್ರಹ ಕಳಸಬೇಕು.’

ಬೆಂಗಳೂರಿನ ಪೀಣ್ಯದಲ್ಲಿ ಉಡುಪಿ ಸೀಮೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿದಾಗ ಅದರಲ್ಲಿ ಎಕ್ಸ್‌ರೇ ಉಪಕರಣವೂ ಇತ್ತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ತಿನ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೂ ನಮ್ಮವರು ಕೈಬಿಡಲಿಲ್ಲ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹೋಯಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹೋಯಿತು. ಅದರ ಒಂದು ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು.

‘ಎಲ್ಲಾ ಚಿಕ್ಕಿ ಎಕ್ಸ್‌ರೇ ಬಿಡ್ತಾವೇನು?’

ಜೋರಾಗಿ ಬಿಡುವುದು ಜೋಡಿ ಚಿಕ್ಕಿಗಳು ಎಂದರು ಮಾಸ್ತರರು. ಎರಡರಲ್ಲಿ ಒಂದು ಸೂರ್ಯನ ಹತ್ತಿಪ್ಪತ್ತು ಪಟ್ಟು ತೂಕದ ದೈತ್ಯ. ಇನ್ನೊಂದು, ಎಂದೋ ಉರಿದು ಸತ್ತದ್ದು. ಸತ್ತದ್ದೆಂದರೂ ಸೂರ್ಯನಿಗಿಂತ ಹೆಚ್ಚು ತೂಕ. ಆದರೆ ಗಾತ್ರ? ರಾಯಚೂರಿನಿಂದ ಶಕ್ತಿನಗರಕ್ಕೆ ಹೋಗುವಷ್ಟರಲ್ಲಿ, ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ, ಇಡೀ ಚಿಕ್ಕಿ ಮುಗಿದುಹೋಗುತ್ತದೆ. ದೈತ್ಯನ ಮೈಯಿಂದ ಅನಿಲ ಸದಾ ಬಿರುಗಾಳಿಯಾಗಿ ಹೊರಡುತ್ತದೆ. ಅದರಲ್ಲೊಂದು ಪಾಲು ಸತ್ತ ಚಿಕ್ಕಿಯ ಮೇಲೆ ಬೀಳುತ್ತದೆ. ಬೀಳುವ ರಭಸಕ್ಕೆ ಕೋಟಿಗಟ್ಟಲೆ ಡಿಗ್ರಿ ಕಾಯ್ದು ಎಕ್ಸ್‌ರೇ ಚೆಲ್ಲುತ್ತದೆ. ಹೀಗೆ ಹೇಳಿ ಅವರು ತಮ್ಮೂರು ದೇವದುರ್ಗದ ಕಡೆಯ ಕೃಷ್ಣಾ ನದಿಯ ಸುಳಿಯ ಹೋಲಿಕೆ ಕೊಡಹೋದರು.

ಆಕೆ ತಲೆಯಲ್ಲಾಡಿಸಿದರು. ‘ಸುಳಿ ಅಲ್ಲ ಬಿಡ್ರಿ. ಕಣದಾಗ ರಾಶಿ ತೂರ್ತೀವಲ್ಲ, ಹೊಟ್ಟು ಹಾರಿ ಬಾಜೂದವರ ಮ್ಯಾಲ ಬೀಳ್ತದ, ಹಂಗ.’

ಮಾಸ್ತರರು ಸುಮ್ಮನಾದರು. ಮೂವತ್ತು ವರ್ಷ ಪಾಠ ಹೇಳಿದರೂ ಅವರಿಗೆ ಈ ಮಾತು ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಡಾಕ್ಟರರು ಫಿಲ್ಮು ನೋಡಿ, ಕಫ ಪರೀಕ್ಷೆ ಮಾಡಿಸಿ ಎಂದರು. ಅದರ ಫಲಿತಾಂಶ ಬಂದ ದಿನ ಕ್ಷಯ ಎಂಬುದು ಖಚಿತವಾಯಿತು. ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಬಾರದು, ಗುಣವಾಗುವ ಕಾಯಿಲೆ, ಹೆದರಬೇಡಿ ಎಂದರು. ಆಕೆಯ ತಾಯಿ ಇದೇ ಕೆಮ್ಮಿನಿಂದ ಹೋದವರು. ಮಾನ್ವಿಗೆ ಮರಳುವ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಆ ರಾತ್ರಿ ಆಕೆಗೆ ನಿದ್ದೆ ಹತ್ತಲಿಲ್ಲ. ಮಾಸ್ತರರು ಮಾಳಿಗೆಗೆ ಕರೆದೊಯ್ದು ದಕ್ಷಿಣದ ಕಡೆ ಕೈ ತೋರಿಸಿದರು. ವೇಲಾ ಎಕ್ಸ್-1 ಎಂಬ ಜೋಡಿ ಅಲ್ಲಿದೆ, ಬರಿಗಣ್ಣಿಗೆ ಕಾಣದು. ಸತ್ತ ಚಿಕ್ಕಿ 283 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಸುಮಾರು ಒಂಬತ್ತು ದಿನಕ್ಕೊಮ್ಮೆ ದೈತ್ಯನ ಸುತ್ತ ಒಂದು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಎರಡು ದಿನ ದೈತ್ಯನ ಹಿಂದೆ ಮರೆಯಾಗುತ್ತದೆ.

‘ಮರೆಯಾದ್ರ ಹೋಗೇ ಬಿಡ್ತಂತ ತಿಳಿಬಾರ್ದು,’ ಎಂದರು ಮಾಸ್ತರರು. ಮಾತು ಚಿಕ್ಕಿಯದೋ ಆಕೆಯದೋ, ಅವರಿಗೇ ಗೊತ್ತಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಗುಳಿಗೆ ಎಣಿಸಿ ಕೊಡುವುದು ಅವರ ಕೆಲಸವಾಯಿತು. ಎರಡು ತಿಂಗಳಿಗೆ ಕೆಮ್ಮು ಇಳಿಯಿತು. ಬಿಸಿಲಿಗೆ ಬಾಯಿ ಒಣಗಿ, ಇನ್ನು ಸಾಕೆಂದು ಆಕೆ ಹಟ ಹಿಡಿದಾಗ ಮಾಸ್ತರರು ಗದರಿದರು, ಬೇಡಿಕೊಂಡರು, ಒಮ್ಮೆ ಅತ್ತೂಬಿಟ್ಟರು. ಆಕೆ ನುಂಗಿದರು. ಆಗಸ್ಟಿನಲ್ಲಿ ಗುಳಿಗೆ ಮುಗಿದವು. ಪರೀಕ್ಷೆಯಲ್ಲಿ ಕ್ರಿಮಿ ಕಾಣಲಿಲ್ಲ.

ಆ ವಾರ ಇಬ್ಬರೂ ದೇವದುರ್ಗಕ್ಕೆ ಹೋದರು. ರಾತ್ರಿ ಮೋಡ ಸರಿದಾಗ ನೆತ್ತಿಯ ಹತ್ತಿರ ರಾಜಹಂಸ ಪುಂಜ ಕಂಡಿತು. 1964ರಲ್ಲಿ ರಾಕೆಟ್ ಹಾರಿಸಿ ಪತ್ತೆ ಹಚ್ಚಿದ ಸಿಗ್ನಸ್ ಎಕ್ಸ್-1 ಇರುವುದು ಅಲ್ಲಿಯೇ. ಅಲ್ಲಿನ ಸತ್ತ ಚಿಕ್ಕಿ ಕಪ್ಪುಕುಳಿಯಾಗಿದೆ. ತೂಕ ಸೂರ್ಯನ ಸುಮಾರು 21 ಪಟ್ಟು. ಅದು ತಾನಾಗಿ ಬೆಳಕು ಕೊಡದು. ಜೊತೆಗೊಂದು ದೈತ್ಯ ಇರುವುದರಿಂದಲೇ ಅದು ಇದೆ ಎಂದು ಲೋಕಕ್ಕೆ ಗೊತ್ತಾದದ್ದು.

‘ಆ ದೊಡ್ಡದೂ ಒಂದು ದಿನ ಸತ್ರ?’ ಎಂದು ಕೇಳಿದರು ಆಕೆ.

‘ಸಾಯ್ತದ. ಆಮ್ಯಾಲ ಬೀಳಾಕ ಏನೂ ಇರೂದಿಲ್ಲ. ಎಕ್ಸ್‌ರೇನೂ ಇಲ್ಲ. ಯಾರಿಗೂ ಕಾಣೂದಿಲ್ಲ.’

‘ಇರ್ಲಿ ಬಿಡ್ರಿ, ಅದಕ್ಕ ಇನ್ನೂ ಭಾಳ ದಿನ ಅದಾವಲ್ಲ,’ ಎಂದು ಆಕೆ ಸೆರಗು ಸರಿಪಡಿಸಿಕೊಂಡು ಎದ್ದರು. ‘ಥಂಡಿ ಗಾಳಿ ಬಿಟ್ಟದ. ನಡೀರಿ, ರೊಟ್ಟಿ ಆರ್ತಾವ.’