ಚಾಂಪಿಯನ್ ರೀಫ್ಸ್ ಲೈನುಗಳ ಡಿಸೆಂಬರ್

ಯಮನೂರಿನಲ್ಲಿ ಡಿಸೆಂಬರ್ ಅಂದರೆ ಹಿಂಗಾರಿನ ತಿಂಗಳು. ಎರಿ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ಬಂದಿರುತ್ತದೆ, ಕಡಲೆ ಹೂ ಹಿಡಿದಿರುತ್ತದೆ, ಎಳ್ಳಮಾಸಿಗೆ ಚರಗ ಚೆಲ್ಲುವ ಮಾತು ಮನೆಮನೆಯಲ್ಲಿ ನಡೆದಿರುತ್ತದೆ. ಕ್ರಿಸ್ಮಸ್ಸಿಗೂ ನಮ್ಮೂರಿಗೂ ನಂಟಿಲ್ಲ. ಆದರೂ ಆ ತಿಂಗಳು ಬಂತೆಂದರೆ ನನ್ನ ಮನಸ್ಸು ಬೆಣ್ಣಿಹಳ್ಳದ ದಂಡೆ ಬಿಟ್ಟು ಕೋಲಾರ ಚಿನ್ನದ ಗಣಿಗೆ ಹೊರಟುಬಿಡುತ್ತದೆ. ಕನ್ನಡ ಮಾಸ್ತರನಾಗಿ ನನ್ನ ಪ್ರಾಯದ ವರ್ಷಗಳನ್ನು ನಾನು ಕಳೆದದ್ದು ಅಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ ಹೋದವನು ಎಂಬತ್ತರ ದಶಕದ ನಡುವಿನವರೆಗೂ ಅಲ್ಲೇ ಇದ್ದೆ.

ಆಗ ಬಂಗಾರಪೇಟೆಯಲ್ಲಿ ಇಳಿದು ಸಣ್ಣ ರೈಲು ಹತ್ತಬೇಕಿತ್ತು. 1894ರಲ್ಲಿ ಗಣಿಗಾಗಿಯೇ ಹಾಕಿದ ಹಾದಿ ಅದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರು ಓದುತ್ತ ಹೋದರೆ ಇದು ಕನ್ನಡ ನಾಡೋ ಬೇರೆಯದೋ ಎನ್ನಿಸುತ್ತಿತ್ತು. ಕಿಟಕಿಯಾಚೆ ಬೂದುಬಣ್ಣದ ದೊಡ್ಡ ದೊಡ್ಡ ದಿಬ್ಬಗಳು. ಅದಿರನ್ನು ಪುಡಿಮಾಡಿ ಸಯನೈಡಿನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಅಲ್ಲಿ ಗುಡ್ಡ ಹಾಕಿದ್ದರು. ಗಾಳಿ ಬೀಸಿದರೆ ಅದೇ ಪುಡಿ ಊರ ತುಂಬ.

ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕೆಲಸ ಹಿಡಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು, ಆಮೇಲೆ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ನಾನು ಹೋಗುವ ಹೊತ್ತಿಗೆ ದೊರೆಗಳ ಕಾಲ ಮುಗಿದಿತ್ತು. ಕೆ.ಜಿ.ಎಫ್. ಕ್ರಿಸ್ಮಸ್ ಎಂದರೆ ಕ್ಲಬ್ಬಿನ ಮರದ ನೆಲದ ಮೇಲಿನ ನೃತ್ಯ, ಪಿಯಾನೊ, ಸೂಟು-ಗೌನು, 'ಪುಟ್ಟ ಇಂಗ್ಲೆಂಡ್' ಎಂದೇ ಬಹಳ ಮಂದಿ ನೆನೆಯುತ್ತಾರೆ. ಅವರ ನೆನಪು ಅವರಿಗೆ ನಿಜ. ಆದರೆ ನಾನು ಕಂಡ ಹಬ್ಬವೇ ಬೇರೆ. ಅದು ಕಾರ್ಮಿಕರ ಲೈನುಗಳಲ್ಲಿ ನಡೆಯುವ ಹಬ್ಬ. ಕ್ಲಬ್ಬಿನ ಹಬ್ಬವನ್ನು ಬರೆದವರು ಸಾಕಷ್ಟಿದ್ದಾರೆ, ಲೈನುಗಳದ್ದನ್ನು ಬರೆದವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೈನು ಎಂದರೆ ಬೆನ್ನಿಗೆ ಬೆನ್ನು ಹಚ್ಚಿದ ಸಣ್ಣ ಮನೆಗಳ ಸಾಲು. ಒಂದು ಕೋಣೆ, ಒಂದು ಒಲೆಮೂಲೆ, ಹತ್ತಾರು ಮನೆಗೆ ಒಂದು ನಲ್ಲಿ. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳರು, ಚಿತ್ತೂರಿನ ತೆಲುಗರು, ಮೂರು ತಲೆಮಾರಿನಿಂದ ಅಲ್ಲೇ ಬೇರು ಬಿಟ್ಟವರು. ಒಂದೇ ಸಾಲಿನಲ್ಲಿ ಮಾರಿಯಮ್ಮನ ಒಕ್ಕಲು, ಕಥೋಲಿಕರು, ಮೆಥಡಿಸ್ಟರು, ಬುದ್ಧನ ಪಟ ಇಟ್ಟುಕೊಂಡ ಅಂಬೇಡ್ಕರ್ ಅನುಯಾಯಿಗಳು, ಮುಸಲ್ಮಾನರು. ಡಿಸೆಂಬರ್ ಮೊದಲ ವಾರಕ್ಕೆ ಸುಣ್ಣ ಬಳಿಯುವುದು ಶುರುವಾದರೆ ಕ್ರೈಸ್ತರ ಮನೆಗಷ್ಟೇ ಬಳಿದು ನಿಲ್ಲಿಸುತ್ತಿರಲಿಲ್ಲ. ಗೋಡೆ ಒಂದಕ್ಕೊಂದು ಹೊಂದಿಕೊಂಡೇ ಇರುತ್ತಿತ್ತಲ್ಲ, ಸಾಲು ಮುಗಿಯುವ ತನಕ ಬಳಿದುಬಿಡುತ್ತಿದ್ದರು.

ನಮ್ಮ ಶಾಲೆಯ ಹುಡುಗರು ಬಹುಪಾಲು ಚಾಂಪಿಯನ್ ರೀಫ್ಸ್ ಲೈನುಗಳಿಂದ ಬರುತ್ತಿದ್ದರು. ಅವರಲ್ಲೊಬ್ಬನ ಅಪ್ಪ ಟಿಂಬರ್‌ಮನ್. ಸುರಂಗದ ಚಾವಣಿ ಕುಸಿಯದಂತೆ ಮರದ ಆಸರೆ ಕಟ್ಟುವ ಕೆಲಸ. ಹಣೆಯ ತುಂಬ ವಿಭೂತಿ, ಪ್ರತಿ ಸೋಮವಾರ ಉಪವಾಸ. ಸುತ್ತಲಿನ ಲೈನುಗಳಿಗೆಲ್ಲ ಕ್ರಿಸ್ಮಸ್ ನಕ್ಷತ್ರ ಕಟ್ಟಿಕೊಡುತ್ತಿದ್ದವನು ಇವನೇ. ಬಿದಿರು ಸೀಳಿ ನಯ ಮಾಡಿ, ಎರಡು ಚೌಕಟ್ಟು ಹೆಣೆದು, ನಡುವೆ ಉಬ್ಬು ಬರುವಂತೆ ಕಡ್ಡಿ ಸಿಕ್ಕಿಸಿ, ಬಣ್ಣದ ಕಾಗದವನ್ನು ಮೈದಾ ಅಂಟಿನಲ್ಲಿ ಬಿಗಿಯಾಗಿ ಎಳೆದು ಹಚ್ಚುತ್ತಿದ್ದ. ಕೂಲಿ ಎಂದು ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಕೆಳಗೆ ಕೆಲಸ ಮಾಡುವವನಿಗೆ ನಕ್ಷತ್ರ ನೋಡುವುದೇ ಒಂದು ಹಬ್ಬ, ಸಾರ್" ಎಂದಿದ್ದ. ಆ ಮಾತಿನ ತೂಕ ನನಗೆ ಗೊತ್ತಾಗಲು ಕಾಲ ಹಿಡಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತದೆ. ಕೇಜಿನಲ್ಲಿ ನಸುಕಿಗೆ ಇಳಿದವನು ಮೇಲೆ ಬರುವಾಗ ಹೊತ್ತು ಮಾರಿರುತ್ತಿತ್ತು.

ಗಣಿಯ ಯಂತ್ರಗಳಿಗಾಗಿ 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದಿತ್ತು, ಬೆಂಗಳೂರಿಗೆ ಬರುವುದಕ್ಕೂ ಮೂರು ವರ್ಷ ಮೊದಲು. ಆದರೂ ನಾನು ನೋಡಿದ ಎಷ್ಟೋ ನಕ್ಷತ್ರಗಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಮೇಣಬತ್ತಿ. ಗಾಳಿಗೆ ಕಾಗದ ಹತ್ತಿಕೊಂಡರೆ ಹುಡುಗರು ಕೂಗುತ್ತ ಓಡುತ್ತಿದ್ದರು, ಟಿಂಬರ್‌ಮನ್ ಮತ್ತೊಂದು ಕಟ್ಟುತ್ತಿದ್ದ.

ರಾಬರ್ಟ್‌ಸನ್‌ಪೇಟೆಯ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಹಿರಿಯರಿದ್ದರು. ಇಡೀ ಬೀದಿ ಅವರನ್ನು ಆಂಟಿ ಎನ್ನುತ್ತಿತ್ತು. ಗಂಡ ಗಣಿಯಲ್ಲಿ ದುಡಿದು ತೀರಿಕೊಂಡಿದ್ದರು, ಮಕ್ಕಳು ಆಸ್ಟ್ರೇಲಿಯಾ ಸೇರಿದ್ದರು. ಅವರ ಜನರಲ್ಲಿ ಬಹಳಷ್ಟು ಮಂದಿ ಅಷ್ಟರಲ್ಲಿ ಹಡಗು, ವಿಮಾನ ಹತ್ತಿಬಿಟ್ಟಿದ್ದರು. ಹೋಗದೆ ಉಳಿದವರಿಗೆ ಡಿಸೆಂಬರಿನಲ್ಲಿ ಪೋಸ್ಟ್‌ಮನ್ನೇ ನೆಂಟ. ಪರ್ತ್‌ನಿಂದ ಬಂದ ಹಿಮದ ಚಿತ್ರದ ಕಾರ್ಡುಗಳನ್ನು ಆಂಟಿ ದಾರಕ್ಕೆ ಪೋಣಿಸಿ ನಡುಮನೆಯಲ್ಲಿ ತೋರಣ ಕಟ್ಟುತ್ತಿದ್ದರು.

ಅವರ ಕೇಕಿನ ಕೆಲಸ ನವೆಂಬರಿನಲ್ಲೇ ಆರಂಭ. ದ್ರಾಕ್ಷಿ, ಕಿತ್ತಳೆ ಸಿಪ್ಪೆ, ಗೋಡಂಬಿ ಸಣ್ಣಗೆ ಹೆಚ್ಚಿ ರಮ್ಮಿನಲ್ಲಿ ನೆನೆಹಾಕಿ ಜಾಡಿಯ ಬಾಯಿಗೆ ಬಟ್ಟೆ ಬಿಗಿಯುವುದು. ಲಿಂಗಾಯತರ ಮನೆಯ ಹುಡುಗನಾದ ನನಗೆ ರಮ್ಮಿಲ್ಲದ ಒಂದು ಸಣ್ಣ ಕೇಕು ಬೇರೆ ಮಾಡುತ್ತಿದ್ದರು, ನಾನು ಕೇಳದೆಯೇ. ಮನೆಯಲ್ಲಿ ಅಷ್ಟು ದೊಡ್ಡ ಒಲೆ ಎಲ್ಲಿಂದ ಬರಬೇಕು? ಹಿಟ್ಟು ಕಲಸಿ ತಗಡಿನ ಅಚ್ಚಿಗೆ ಸುರಿದು, ಮೇಲೆ ಹೆಸರಿನ ಚೀಟಿ ಇಟ್ಟು, ಬೇಕರಿಗೆ ಹೊರಿಸಿಕೊಂಡು ಹೋಗುವುದು. ಕ್ರಿಸ್ಮಸ್ಸಿಗೆ ನಾಕೈದು ದಿನ ಇರುವಾಗ ಬೇಕರಿಯ ಮುಂದೆ ರಾತ್ರಿ ಹನ್ನೊಂದಾದರೂ ಸಾಲು ಕರಗುತ್ತಿರಲಿಲ್ಲ. ಶಾಲು ಹೊದ್ದ ಹೆಂಗಸರು, ತಲೆಯ ಮೇಲೆ ತಟ್ಟೆ ಹೊತ್ತ ಹುಡುಗರು. ಕಟ್ಟಿಗೆ ಒಲೆಯ ಬಿಸಿಗೆ ಎಲ್ಲರೂ ಹತ್ತಿರ ಹತ್ತಿರ ನಿಲ್ಲುತ್ತಿದ್ದರು. ಯಾರ ಕೇಕು ಉಬ್ಬಿತು, ಯಾರದು ತಗ್ಗಾಯಿತು ಎಂಬ ತೀರ್ಪು ಅಲ್ಲೇ ಆಗಿಬಿಡುತ್ತಿತ್ತು. ಆಂಟಿಯ ಕೇಕು ಹೊರಬಂದಾಗ ಮಾತ್ರ ಬೇಕರಿಯವನು ತಾನೇ ಎದ್ದು ಬಂದು ನೋಡುತ್ತಿದ್ದ.

ಲೈನಿನ ಮನೆಗಳಲ್ಲಿ ಕೇಕಿಗಿಂತ ಎಣ್ಣೆಬಾಣಲೆಯ ಜೋರೇ ಹೆಚ್ಚು. ಮುರುಕ್ಕು, ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ಬಿಡಿಸುವ ರೋಸ್ ಕುಕಿ, ಬಾಚಣಿಗೆಯ ಹಲ್ಲಿನ ಮೇಲೆ ಸುರುಳಿ ಸುತ್ತಿ ಕರಿಯುವ ಕಲ್‌ಕಲ್. ಕಲ್‌ಕಲ್ ಸುತ್ತಲು ಕೈ ಎಷ್ಟಿದ್ದರೂ ಸಾಲದು. ಅಕ್ಕಪಕ್ಕದ ಹುಡುಗಿಯರೆಲ್ಲ ಚಾಪೆ ಹಾಸಿಕೊಂಡು ಕೂತರೆ ನಡುರಾತ್ರಿಯ ತನಕ ಕತೆ.

ಒಂದು ವರ್ಷ ಅವ್ವ ಯಮನೂರಿನಿಂದ ಬಂದಿದ್ದಳು. ಶೇಂಗಾ ಹೋಳಿಗೆಯ ದೊಡ್ಡ ಡಬ್ಬಿಯೊಂದಿಗೆ. ತಮಿಳು ಬಾರದು, ಇಂಗ್ಲಿಷು ಬಾರದು. ಆದರೂ ಎರಡೇ ದಿನಕ್ಕೆ ಕಲ್‌ಕಲ್ ಚಾಪೆಯ ಮೇಲೆ ಅವಳಿಗೊಂದು ಜಾಗ ಸಿಕ್ಕಿತು. ಅವರ ಅದಿರಸದ ಪಾಕ ಎಳೆಯದಾಯಿತೆಂದು ಕೈಸನ್ನೆಯಲ್ಲೇ ತಿದ್ದಿದಳು, ಅವರು ಅವಳ ಹೋಳಿಗೆ ತಿಂದು ಇನ್ನೊಂದು ಕೇಳಿದರು. 24ರ ರಾತ್ರಿ ಅವಳನ್ನು ಚಾಂಪಿಯನ್ ರೀಫ್ಸ್‌ನ 'ಅವರ್ ಲೇಡಿ ಆಫ್ ವಿಕ್ಟರೀಸ್' ಚರ್ಚಿಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಮಾತೆಯ ಮುಂದೆ ಮೇಣಬತ್ತಿ ಹಚ್ಚುತ್ತಿದ್ದ ಎಳೆವಯಸ್ಸಿನ ಹೆಂಗಸೊಬ್ಬಳನ್ನು ಅವ್ವ ನೋಡಿದಳು. ಯಾರಿಗಾಗಿ ಎಂದು ನನ್ನಿಂದ ಕೇಳಿಸಿದಳು. ಗಂಡ ಪಂಪಿನ ಪಾಳಿಗೆ ಹೋಗಿದ್ದಾನೆ ಅಂದಳು ಅವಳು. ಗಣಿಯೊಳಗೆ ಒಸರುವ ನೀರಿಗೆ ಹಬ್ಬದ ರಜೆ ಗೊತ್ತಿಲ್ಲವಲ್ಲ, ಕೆಲವರು ಆ ರಾತ್ರಿಯೂ ಇಳಿಯಲೇಬೇಕಿತ್ತು. ಅವ್ವ ಸೆರಗಿನ ಗಂಟು ಬಿಚ್ಚಿ ಎಂಟಾಣೆ ಕೊಟ್ಟು ತಾನೂ ಒಂದು ಬತ್ತಿ ಹಚ್ಚಿದಳು.

"ನಿನಗ ಇದು ನಡೀತೈತೇನ?" ಎಂದು ಕೇಳಿದೆ.

"ಯಾಕ ನಡಿಯೂದಿಲ್ಲೊ? ನಮ್ಮೂರಾಗ ಒಂದ ಗದ್ದಿಗಿಗೆ ಮುಸಲ್ಮಾನರು ರಾಜಾಬಾಗಸವಾರ ಅಂತಾರ, ನಾವು ಚಾಂಗದೇವ ಅಂತೀವಿ. ಊದಿನಕಡ್ಡಿ ಬ್ಯಾರೆ ಬ್ಯಾರೆ ಹಚ್ಚತೀವೇನು?"

ಹೋಳಿಹುಣ್ಣಿವೆಯ ಬೆನ್ನಿಗೆ ಬರುವ ನಮ್ಮ ಜಾತ್ರೆಯಲ್ಲಿ, ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆಂದು ನಂಬಿ ಸಾವಿರಾರು ಜನ ಬಂದು ಮಿಂದು ಹೋಗುವ ಆ ದಂಡೆಯಲ್ಲಿ ಬೆಳೆದವಳು ಅವಳು. ಆ ಮಾತು ಅವಳಿಗೆ ಸಹಜವಾಗಿ ಬಂತು.

ನಡುರಾತ್ರಿಯ ಪೂಜೆಯ ಇನ್ನೊಂದು ನೆನಪು ಬೇರೆ ವರ್ಷದ್ದು. ಹಾಡು ನಡೆದಿತ್ತು, ನೆಲ ಸಣ್ಣಗೆ ನಡುಗಿತು. ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದನ್ನು ಅಲ್ಲಿ ರಾಕ್ ಬರ್ಸ್ಟ್ ಎನ್ನುತ್ತಾರೆ. ಅದರ ನಡುಕ ಮೇಲಿನ ಮನೆಗಳ ಪಾತ್ರೆಗಳನ್ನೂ ಗಲಗಲ ಅನ್ನಿಸುತ್ತಿತ್ತು. ಹಾಡು ತಾನಾಗಿ ನಿಂತಿತು. ಬಾಗಿಲ ಬಳಿ ಇದ್ದ ಗಂಡಸರು ಏನೂ ಮಾತಾಡದೆ ಶಾಫ್ಟಿನ ಕಡೆ ನಡೆದರು, ಅವರಲ್ಲಿ ವಿಭೂತಿಯವರೂ ಇದ್ದರು, ಟೋಪಿಯವರೂ ಇದ್ದರು. ಹೆಂಗಸರು ಜಪಮಾಲೆ ಹಿಡಿದರು. ಸಂಗು, ಅಂದರೆ ಗಣಿಯ ಸೈರನ್, ಕೂಗಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಸೈಕಲ್ಲಿನಲ್ಲಿ ಬಂದು ಎಲ್ಲರೂ ಕ್ಷೇಮ ಎಂದ. ಆಗ ಎತ್ತಿಕೊಂಡ ಹಾಡಿನಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ. ಯಾಕೆ ಈ ಊರಿನಲ್ಲಿ ಹಬ್ಬಕ್ಕೆ ಜಾತಿಯ ಗೋಡೆ ಇಲ್ಲವೆಂಬುದು ಆ ರಾತ್ರಿ ನನಗೆ ತಿಳಿಯಿತು. ಕೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ಇಳಿಯುವವರು ಅವರು.

ಲೈನಿನ ಕ್ರಿಸ್ಮಸ್ ತಾತ ಒಬ್ಬ ನಿವೃತ್ತ ಕಾರ್ಮಿಕ. ಕೆಂಪು ಸ್ಯಾಟಿನ್ ನಿಲುವಂಗಿ, ಹತ್ತಿಯ ಗಡ್ಡ. ಕಲ್ಲಿನ ಧೂಳು ಕುಡಿದ ಎದೆ. ನಾಕು ಹೆಜ್ಜೆಗೊಮ್ಮೆ ಕೆಮ್ಮು. ಸಿಲಿಕೋಸಿಸ್ ಆ ಊರಿನಲ್ಲಿ ಪುಟ್ಟ ಮಕ್ಕಳಿಗೂ ಗೊತ್ತಿದ್ದ ಪದ. ಹಾಗಿದ್ದೂ ಪ್ರತಿ ವರ್ಷ ಎಲ್ಲ ಸಾಲುಗಳನ್ನೂ ಸುತ್ತಿ ಪೆಪ್ಪರಮೆಂಟು ಹಂಚುತ್ತಿದ್ದ. ಅವನು ಕುಣಿಯುವಾಗ ಉಸಿರು ಕಟ್ಟಿದರೆ ಡ್ರಮ್ಮಿನ ಹುಡುಗ ತಾಳ ನಿಧಾನ ಮಾಡುತ್ತಿದ್ದ, ಯಾರೂ ಹೇಳಿಕೊಡದೆ. ಅದೇ ಲೈನಿನ ಮಕ್ಕಳು ಕಟ್ಟಿದ ಗೋದಲಿಯಲ್ಲಿ ದನದ ಕೊಟ್ಟಿಗೆಯ ಪಕ್ಕಕ್ಕೆ ಕಡ್ಡಿಪೆಟ್ಟಿಗೆ ಕಡ್ಡಿಗಳ ಒಂದು ಶಾಫ್ಟ್ ಗೋಪುರ, ಮೇಲೆ ತಿರುಗುವ ಚಕ್ರ. ಬೆತ್ಲೆಹೇಮಿನಲ್ಲಿ ಗಣಿ ಇರಲಿಲ್ಲವೆಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

1982ರ ಮಾತು ಹೇಳಲೇಬೇಕು. ಧಾರವಾಡದಲ್ಲಿ ಸಾಹಿತಿಗಳು ಎತ್ತಿಕೊಂಡ ಗೋಕಾಕ ಚಳವಳಿ ಆ ವರ್ಷ ಇಡೀ ರಾಜ್ಯ ತುಂಬಿತು. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂಬುದರಲ್ಲಿ ನನಗೆ ಆಗಲೂ ಈಗಲೂ ಅನುಮಾನವಿಲ್ಲ. ಆದರೆ ತಮಿಳರೇ ತುಂಬಿದ ಊರಿನಲ್ಲಿ ಅದಕ್ಕೆ ವಿರೋಧವೂ ಅಷ್ಟೇ ಗಟ್ಟಿಯಾಗಿತ್ತು. ಪೇಟೆಯಲ್ಲಿ ಪೊಲೀಸರ ಪಹರೆ, ಗೋಡೆಗಳ ಮೇಲೆ ಘೋಷಣೆ. ಧಾರವಾಡ ಜಿಲ್ಲೆಯ ಕನ್ನಡ ಮಾಸ್ತರನೆಂದರೆ ಯಾವ ಕಡೆಯವನೆಂದು ಯಾರೂ ಕೇಳಬೇಕಾಗಿರಲಿಲ್ಲ. ದಿನಾ ಮಾತಾಡಿಸುತ್ತಿದ್ದ ಕೆಲವರು ಸುಮ್ಮನೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಆ ಡಿಸೆಂಬರಿನಲ್ಲಿ ಕ್ಯಾರಲ್ ತಂಡ ನನ್ನ ಬಾಗಿಲಿಗೆ ಬರುತ್ತದೆಂಬ ಆಸೆಯನ್ನು ನಾನು ಬಿಟ್ಟಿದ್ದೆ.

ಬಂದರು. ರಾತ್ರಿ ಎರಡು ಗಂಟೆ ದಾಟಿರಬೇಕು. ಪೆಟ್ರೋಮ್ಯಾಕ್ಸ್, ಗಿಟಾರು, ಡ್ರಮ್ಮು, ಮಂಕಿಕ್ಯಾಪು ಹಾಕಿಕೊಂಡ ನನ್ನದೇ ವಿದ್ಯಾರ್ಥಿಗಳು. ಮೊದಲು ತಮಿಳಿನಲ್ಲಿ ಎರಡು, ತೆಲುಗಿನಲ್ಲಿ ಒಂದು. ಆಮೇಲೆ ಕನ್ನಡದಲ್ಲಿ ಒಂದು ಹಾಡು. ಅವರೇ ಕಟ್ಟಿದ್ದು. ಪ್ರಾಸ ತಪ್ಪಿತ್ತು, ಎರಡು ಕಡೆ ವ್ಯಾಕರಣವೂ ತಪ್ಪಿತ್ತು. ಮುಗಿದ ಮೇಲೆ ಅವರ ಮುಂದಾಳು ಹುಡುಗ, ವ್ಯಾಕರಣದಲ್ಲಿ ಯಾವಾಗಲೂ ಫೇಲಾಗುತ್ತಿದ್ದವನು, "ತಪ್ಪಿದ್ದರೆ ಹೇಳಿ ಸಾರ್, ಮುಂದಿನ ಮನೆಯಲ್ಲಿ ಸರಿಯಾಗಿ ಹಾಡುತ್ತೇವೆ" ಎಂದ. ನನಗೆ ಮಾತು ಹೊರಡಲಿಲ್ಲ. ಆಂಟಿ ತಮ್ಮ ಬಾಗಿಲಿನಿಂದಲೇ "ಚೆನ್ನಾಗಿದೆ, ಒಳಗೆ ಬಂದು ಕೇಕ್ ತಿನ್ನಿ" ಎಂದು ಎಲ್ಲರನ್ನೂ ಕರೆದರು. ಬೆಳಗಾಗುವವರೆಗೂ ಕೂತಿದ್ದೆವು. ಆ ಹಾಡನ್ನು ನಾನು ತಿದ್ದಲಿಲ್ಲ. ಮುಂದಿನ ವರ್ಷಗಳಲ್ಲೂ ಅವರು ಅದನ್ನು ಹಾಗೆಯೇ ಹಾಡಿದರು.

ವರ್ಗವಾಗಿ ನಾನು ಧಾರವಾಡದ ಕಡೆ ಬಂದೆ. ಆಂಟಿ ಅಲ್ಲೇ ತೀರಿಕೊಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮುಚ್ಚುವ ಸುದ್ದಿ ಮೊದಲೇ ಹರಡಿದ್ದರಿಂದ 2000ದ ಡಿಸೆಂಬರಿನಲ್ಲಿ ಹಳೆಯ ವಿದ್ಯಾರ್ಥಿಗಳು ಬರಹೇಳಿದ್ದರು, ಹೋಗಿದ್ದೆ. ಸಂಬಳದ ಭರವಸೆ ಇಲ್ಲದ ಮನೆಗಳಲ್ಲೂ ಸುಣ್ಣ ಬಳಿದಿದ್ದರು. ನಕ್ಷತ್ರ ಕಟ್ಟುತ್ತಿದ್ದವನ ಮಗ ಈಗ ಪ್ಲಾಸ್ಟಿಕ್ಕಿನ ಮಡಚುವ ನಕ್ಷತ್ರ ಮಾರುವ ಅಂಗಡಿಯ ಎದುರೇ ಬಿದಿರು ಸೀಳುತ್ತ ಕೂತಿದ್ದ. ಅಪ್ಪನಿಗೆ ಕೈ ನಡುಕ, ಕೂತಲ್ಲಿಂದಲೇ ಅಳತೆ ಹೇಳುತ್ತಿದ್ದ.

ಗಣಿಯ ಮಕ್ಕಳು ಈಗ ನಸುಕಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ವ್ಯಾಕರಣದಲ್ಲಿ ಫೇಲಾಗುತ್ತಿದ್ದ ಆ ಹುಡುಗನೂ ಹಾಗೆ ಓಡಾಡಿ ಈಗ ನಿವೃತ್ತಿಯ ಅಂಚಿನಲ್ಲಿದ್ದಾನೆ. ಡಿಸೆಂಬರ್ 24ರ ಸಂಜೆಯ ರೈಲಿನಿಂದ ಅವನು ಯಮನೂರಿಗೆ ಫೋನು ಮಾಡುತ್ತಾನೆ. ಕೇಕಿನ ಡಬ್ಬಿ, ಬಟ್ಟೆಯ ಚೀಲಗಳ ನಡುವೆ ನಿಲ್ಲಲೂ ಜಾಗವಿಲ್ಲದ ಬೋಗಿ. ಬಂಗಾರಪೇಟೆ ಬಿಟ್ಟ ಮೇಲೆ ಯಾರೋ ಹಾಡು ಎತ್ತುತ್ತಾರೆ, ಇಡೀ ಬೋಗಿ ಚಪ್ಪಾಳೆ ಹಾಕುತ್ತದೆ. ಆ ಗದ್ದಲದಲ್ಲಿ ಅವನು ಏನು ಹೇಳುತ್ತಿದ್ದಾನೆಂದು ನನಗೆ ಅರ್ಧವೂ ಕೇಳಿಸುವುದಿಲ್ಲ. ಕನ್ನಡದ ಹಾಡು ಬಂದಾಗ ಮಾತ್ರ "ಸಾರ್, ಕೇಳಿ ಸಾರ್" ಎಂದು ಕೂಗಿ ಫೋನನ್ನು ಮೇಲೆತ್ತಿ ಹಿಡಿಯುತ್ತಾನೆ.